ಹೊರದೇಶದ ಕೋವಿ ಕ್ಲೀನಿಂಗ್ ಕಿಟ್: ತರಿಸಬಹುದಾ?

ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ನೆಂಟರ ಕೈಲಿ ತರಿಸುವ 12 ಬೋರ್ (ಶಾಟ್‌ಗನ್ ನಳಿಗೆಯ ಅಳತೆ) ಕಿಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ: ಮೂರು ತುಂಡಿನ ರಾಡ್, ಕಂಚಿನ ಬ್ರಷ್, ಉಣ್ಣೆ ಮಾಪ್, ಬಟ್ಟೆ ಸಿಕ್ಕಿಸುವ ಜ್ಯಾಗ್. ರಾಡ್ ಹಿತ್ತಾಳೆಯದೇ ಇರಲಿ, ಅಗ್ಗದ ಅಲ್ಯೂಮಿನಿಯಂ ಜೋಡಣೆಯಲ್ಲೇ ಬಾಗುತ್ತದೆ. ಬ್ರಷ್ ರಾಡಿಗೆ ತಿರುಪುವ ಥ್ರೆಡ್ಡಿನ ಅಳತೆ ನೋಡಿ: ಅಮೆರಿಕದ ಶಾಟ್‌ಗನ್ ಥ್ರೆಡ್ 5/16-27, ರೈಫಲ್ಲಿನದು 8-32. ಅಡಾಪ್ಟರ್ ಇಲ್ಲದೆ ಒಂದಕ್ಕೊಂದು ಕೂರಲ್ಲ. ಕೋವಿ ಖಾಲಿಯೆಂದು ನೋಡಿಕೊಂಡು ಬ್ರಷ್ಷನ್ನು ಚೇಂಬರ್ (ತೋಟಾ ತುಂಬುವ ಜಾಗ) ಕಡೆಯಿಂದ ತೂರಿಸಿ, ನಳಿಗೆಯ ಬಾಯಿಂದ ಪೂರ್ತಿ ಹೊರಬಂದ ಮೇಲೆಯೇ ಹಿಂದೆಳೆಯಿರಿ. ನಡುವೆ ದಿಕ್ಕು ಬದಲಿಸಿದರೆ ಬ್ರಷ್ಷಿನ ಎಳೆ ಮಡಚಿ ಸಿಕ್ಕಿಕೊಳ್ಳುತ್ತದೆ.

ಹೊತ್ತಿಕೊಳ್ಳುವ ಸಾಲ್ವೆಂಟ್ ವಿಮಾನಕ್ಕೆ ಹತ್ತಲ್ಲ, ಎಣ್ಣೆ ಇಲ್ಲೇ ಕೊಳ್ಳಿ. ರಾಡ್ ಚೆಕ್-ಇನ್ ಲಗೇಜಿಗೆ, ಬಿಲ್ ಕೈಯಲ್ಲಿ.

ಕಿಟ್ ಜತೆ ‘ಹಾಗೇ ಒಂದು’ ಬಿಡಿಭಾಗ ಮಾತ್ರ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಆಯುಧದ ಬಿಡಿಭಾಗವೂ ಆಯುಧವೇ. ಸದ್ದು, ಮಿಂಚು ತಗ್ಗಿಸುವ ಸಾಧನವೂ ಬಂದೂಕಿನ ಲೆಕ್ಕಕ್ಕೇ ಸೇರುತ್ತದೆ. ಟ್ರಿಗರ್, ನಳಿಗೆ ಬೇಕಿದ್ದರೆ ಟಿಕೆಟ್ ಬುಕ್ ಮಾಡುವ ಮುಂಚೆಯೇ ಡಿಸಿ ಕಚೇರಿಯಲ್ಲೂ ಕಸ್ಟಮ್ಸ್‌ನಲ್ಲೂ ಲಿಖಿತವಾಗಿ ಕೇಳಿ. ‘ಅಂಗಡಿಯವನು ನಡೆಯುತ್ತೆ ಅಂದ’ ಅನ್ನುವ ಮಾತು ವಿಮಾನ ನಿಲ್ದಾಣದಲ್ಲಿ ನಡೆಯಲ್ಲ.