ಇಂಡಿಯನ್ ಪ್ರೇರಿ 204: ಹದಿಮೂರು ವರ್ಷ ಬಳಸಿದ ಮೇಲೆ

2025ರ ಮೇ ತಿಂಗಳಲ್ಲಿ ನಮ್ಮ ಮಗಳು ಹನ್ನೆರಡನೇ ಕ್ಲಾಸ್ ಮುಗಿಸಿದಳು. ಕಿಂಡರ್‌ಗಾರ್ಟನ್ ಸೇರಿದ್ದು 2012ರಲ್ಲಿ. ಅಷ್ಟೂ ವರ್ಷ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್, ಅಮೆರಿಕದ ಶಿಕಾಗೋ ಹತ್ತಿರದ ಇಂಡಿಯನ್ ಪ್ರೇರಿ 204. ಮಗ ಇನ್ನೂ ಅಲ್ಲೇ ಮಿಡ್ಲ್ ಸ್ಕೂಲ್‌ನಲ್ಲಿದ್ದಾನೆ. "ಶಿಕಾಗೋ ಕಡೆ ಕೆಲಸ ಸಿಕ್ಕಿದೆ, ನೇಪರ್‌ವಿಲ್ ಸ್ಕೂಲ್ ಹೇಗಕ್ಕಾ?" ಅಂತ ಊರಿನಿಂದ ಯಾರಾದರೂ ಫೋನ್ ಮಾಡಿದರೆ ಒಂದು ಗಂಟೆ ಮಾತಾಡುತ್ತೇನೆ. ಆ ಮಾತನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನಾವು ಇಲ್ಲಿಗೆ ಬಂದಿದ್ದು ರ‍್ಯಾಂಕ್ ನೋಡಿ, ನಿಜ. ಉಳಿದುಕೊಂಡಿದ್ದು ಮಾತ್ರ ಬೇರೆ ಕಾರಣಕ್ಕೆ.

ಮೊದಲು ಡಿಸ್ಟ್ರಿಕ್ಟ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಹೊಸಬರು ಇಲ್ಲೇ ಎಡವುತ್ತಾರೆ. ನಮ್ಮಲ್ಲಿ ಡಿಡಿಪಿಐ, ಬಿಇಒ ಮೂಲಕ ರಾಜ್ಯ ಸರ್ಕಾರವೇ ಶಾಲೆ ನಡೆಸುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವುದು ಒಂದು ಪುಟ್ಟ ಸ್ಥಳೀಯ ಸರ್ಕಾರ ಇದ್ದ ಹಾಗೆ. ಅದಕ್ಕೆ ತನ್ನದೇ ಗಡಿ, ತನ್ನದೇ ಬೋರ್ಡ್, ತನ್ನದೇ ತೆರಿಗೆ. ಊರಿನ ಗಡಿಗೂ ಡಿಸ್ಟ್ರಿಕ್ಟ್ ಗಡಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದ ನೇಪರ್‌ವಿಲ್ ಒಂದೇ ಊರು, ಆದರೆ ಅದರ ಒಂದು ಭಾಗ 203ನೇ ಡಿಸ್ಟ್ರಿಕ್ಟ್‌ಗೆ, ಇನ್ನೊಂದು ಭಾಗ ನಮ್ಮ 204ಕ್ಕೆ, ದಕ್ಷಿಣದ ಕೆಲವು ಬಡಾವಣೆಗಳು ಪ್ಲೇನ್‌ಫೀಲ್ಡ್ 202ಕ್ಕೆ ಸೇರುತ್ತವೆ. ನಮ್ಮ 204 ಪಕ್ಕದ ಅರೋರಾ, ಬೋಲಿಂಗ್‌ಬ್ರೂಕ್, ಪ್ಲೇನ್‌ಫೀಲ್ಡ್ ಊರುಗಳ ಒಳಗೂ ಚಾಚಿಕೊಂಡಿದೆ.

2015ರಲ್ಲಿ ಮನೆ ಕೊಳ್ಳಲು ಹೊರಟಾಗ ಒಬ್ಬ ಏಜೆಂಟ್ "ಇದು 204ರಲ್ಲೇ ಇದೆ, ಯೋಚನೆ ಬಿಡಿ" ಅಂದರು. ಆಫರ್ ಹಾಕಿ, ಮನೆ ತಪಾಸಣೆಗೂ ದುಡ್ಡು ಕೊಟ್ಟೆವು. ಆಮೇಲೆ ಗೊತ್ತಾಯಿತು, ಆ ಬೀದಿ 202ಕ್ಕೆ ಸೇರಿದ್ದು. ಅದೂ ಒಳ್ಳೆಯ ಡಿಸ್ಟ್ರಿಕ್ಟೇ. ಆದರೆ ಮಗಳು ಆಗಷ್ಟೇ ಸ್ನೇಹಿತರನ್ನು ಮಾಡಿಕೊಂಡಿದ್ದಳು, ಅವಳನ್ನು ಕಿತ್ತು ಇನ್ನೊಂದು ಕಡೆ ನೆಡಲು ಮನಸ್ಸಾಗಲಿಲ್ಲ. ತಪಾಸಣೆಯ ದುಡ್ಡು ಹೋಯಿತು. ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ: ಏಜೆಂಟ್ ಮಾತು, ಪೋಸ್ಟಲ್ ವಿಳಾಸ ಯಾವುದನ್ನೂ ನಂಬಬೇಡಿ. ಆ ಮನೆಯ ಹಳೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆಸಿ ನೋಡಿ. ಯಾವ ಡಿಸ್ಟ್ರಿಕ್ಟ್‌ಗೆ ಎಷ್ಟು ದುಡ್ಡು ಹೋಗುತ್ತದೆ ಅಂತ ಹೆಸರು ಹಾಕಿಯೇ ಬರೆದಿರುತ್ತಾರೆ.

ಈ ಜಾಗದ ಬಗ್ಗೆ ಒಂದು ಮಾತು. ನಾನು ದಾವಣಗೆರೆಯವಳು, ಮೆಕ್ಕೆಜೋಳದ ಹೊಲ ನೋಡುತ್ತಾ ಬೆಳೆದವಳು. ಇಲ್ಲಿಯೂ ಮೊದಲು ಅದೇ ಮೆಕ್ಕೆಜೋಳ ಇತ್ತಂತೆ. 1972ರಲ್ಲಿ ಸಣ್ಣ ಸಣ್ಣ ಹಳ್ಳಿ ಡಿಸ್ಟ್ರಿಕ್ಟ್‌ಗಳು ಕೂಡಿ 204 ಆಯಿತು. ಹೊಲಗಳು ಬಡಾವಣೆಗಳಾದವು. 1975ರಲ್ಲಿ ವಾಬಾನ್ಸಿ ವ್ಯಾಲಿ ಹೈಸ್ಕೂಲ್, 1997ರಲ್ಲಿ ನ್ಯೂಕ್ವಾ ವ್ಯಾಲಿ, 2009ರಲ್ಲಿ ಮಿಟೀಯಾ ವ್ಯಾಲಿ ಬಂದವು. ವಾಬಾನ್ಸಿ, ಮಿಟೀಯಾ ಇಬ್ಬರೂ ಈ ನೆಲದ ಪೊಟವಾಟಮಿ ಜನರ ಮುಖಂಡರು. ಮೂರನೇ ಹೈಸ್ಕೂಲ್ ಸುಲಭಕ್ಕೆ ಆಗಲಿಲ್ಲ. 2006ರಲ್ಲಿ ಜನ ವೋಟು ಹಾಕಿ ದುಡ್ಡಿಗೆ ಒಪ್ಪಿದರು. ಆದರೆ ಮೊದಲು ನೋಡಿದ ಜಮೀನಿಗೆ ಕೋರ್ಟಿನಲ್ಲಿ ಎಣಿಸಿದ್ದಕ್ಕಿಂತ ಬಹಳ ಜಾಸ್ತಿ ಬೆಲೆ ನಿಗದಿಯಾಯಿತು. ಡಿಸ್ಟ್ರಿಕ್ಟ್ ಬೇರೆ ಜಾಗಕ್ಕೆ ಹೋಯಿತು, ಅದರ ಮೇಲೆ ಪೋಷಕರ ಒಂದು ಗುಂಪು ಕೇಸು ಹಾಕಿತು. ನಾವು ಬಂದಾಗಲೂ ಹಳಬರು ಆ ಜಗಳದ ಮಾತು ತೆಗೆಯುತ್ತಿದ್ದರು. ಶಾಲೆಯ ಗಡಿ ಒಂದು ಬೀದಿ ಆಚೆ ಈಚೆ ಆದರೂ ಇಲ್ಲಿ ಅಕ್ಕಪಕ್ಕದವರ ಮಾತು ನಿಲ್ಲುತ್ತದೆ. ಈಗ ಒಟ್ಟು 21 ಎಲಿಮೆಂಟರಿ, 7 ಮಿಡ್ಲ್, 3 ಹೈಸ್ಕೂಲ್ ಇವೆ.

ಮಗಳನ್ನು ಸೇರಿಸಿದ ದಿನ ಚೆನ್ನಾಗಿ ನೆನಪಿದೆ. ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು ಅನ್ನುವುದು ನಮ್ಮ ಈ ಇಲಿನಾಯ್ ರಾಜ್ಯದ ನಿಯಮ, ಅವಳಿಗೆ ತುಂಬಿತ್ತು. ಪಾಲಿಕೆಯ ಜನನ ಪತ್ರ, ಬಾಡಿಗೆ ಕರಾರು, ಕರೆಂಟ್ ಬಿಲ್, ಲಸಿಕೆ ಪಟ್ಟಿ ಎಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಹಿಡಿದುಕೊಂಡು ಹೋಗಿದ್ದೆವು. ವೀಸಾ ಕೇಳುತ್ತಾರೆ ಅಂತ ಪಾಸ್‌ಪೋರ್ಟ್‌ಗಳನ್ನೂ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಮಗು ಯಾವ ದೇಶದ್ದು, ಕಾಗದ ಪತ್ರ ಏನು ಅಂತ ನೋಡಿ ಶಾಲೆಯಿಂದ ಹೊರಗಿಡುವ ಹಾಗಿಲ್ಲ ಅಂತ 1982ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಆಗ ನನಗೆ ಅದು ಗೊತ್ತಿರಲಿಲ್ಲ. ಈ ಊರಿನಲ್ಲಿ ಡ್ರೈವಿಂಗ್ ಲೈಸೆನ್ಸ್‌ನಿಂದ ಹಿಡಿದು ಎಲ್ಲದಕ್ಕೂ ವೀಸಾ ತೋರಿಸಿ ಸುಸ್ತಾಗಿದ್ದೆವು. ಶಾಲೆಯ ಆಫೀಸಿನಲ್ಲಿ ಮಾತ್ರ "ನಿಮ್ಮ ಮಗಳಿಗೆ ಏನಾದರೂ ಅಲರ್ಜಿ ಇದೆಯಾ?" ಅಂತ ಕೇಳಿದರು, ಅಷ್ಟೇ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡುತ್ತೀರಾ? ನಮ್ಮ ಮನೆಯವರು ಮೆಲ್ಲಗೆ "ಇಲ್ಲ ಅಂತ ಬರೀ, ಸುಮ್ನೆ ಯಾಕೆ ತಲೆನೋವು" ಅಂದರು. ಬೇರೆ ಭಾಷೆ ಅಂತ ಬರೆದರೆ ಮಗುವನ್ನು ಪರೀಕ್ಷೆ ಮಾಡಿ ಇಂಗ್ಲಿಷ್ ಕಲಿಯುವವರ ಗುಂಪಿಗೆ ಹಾಕುತ್ತಾರೆ, ಹಿಂದೆ ಬೀಳುತ್ತಾಳೆ ಅಂತ ಗೆಳೆಯರು ಹೆದರಿಸಿದ್ದರು. ನನಗೆ ಸುಳ್ಳು ಬರೆಯಲು ಕೈ ಬರಲಿಲ್ಲ. "ಕನ್ನಡ" ಅಂತ ಬರೆದೆ. ಪರೀಕ್ಷೆ ಆಯಿತು, ಆ ಗುಂಪಿಗೂ ಸೇರಿಸಿದರು. ದಿನಕ್ಕೆ ಸ್ವಲ್ಪ ಹೊತ್ತು ಒಬ್ಬ ಟೀಚರ್ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಕತೆ ಓದಿಸುತ್ತಿದ್ದರು. ಒಂದೇ ಭಾಷೆಯ 20 ಮಕ್ಕಳು ಒಂದು ಶಾಲೆಯಲ್ಲಿದ್ದರೆ ಆ ಭಾಷೆಯ ನೆರವಿನಲ್ಲೇ ಪಾಠದ ವ್ಯವಸ್ಥೆ ಮಾಡಬೇಕು ಅನ್ನುವ ಕಾನೂನು ಈ ರಾಜ್ಯದಲ್ಲಿದೆ. ಕನ್ನಡದ ಮಕ್ಕಳು ಅಷ್ಟಿರಲಿಲ್ಲ. ಎರಡು ವರ್ಷಕ್ಕೆ ಅವಳು ಆ ಗುಂಪಿನಿಂದ ಹೊರಬಂದಳು. ಹಿಂದೆ ಬೀಳಲಿಲ್ಲ. ಆ ಕೋಣೆಯಲ್ಲಿ ಸಿಕ್ಕ ಮೆಕ್ಸಿಕೋ ಮೂಲದ ಹುಡುಗಿ ಇವತ್ತಿಗೂ ಅವಳ ಜೀವದ ಗೆಳತಿ. ದಯವಿಟ್ಟು ಅರ್ಜಿಯಲ್ಲಿ ನಿಜ ಬರೆಯಿರಿ.

ಇನ್ನು ಮಗನ ವಿಷಯ. ನಾನು ನಾಲ್ಕೂವರೆ ಕೊಟ್ಟಿದ್ದೇ ಇದಕ್ಕೆ.

ಅವನು ಹುಟ್ಟಿದ್ದು 2013ರ ಮಾರ್ಚ್‌ನಲ್ಲಿ, ಇಲ್ಲೇ. ಮೂರು ವರ್ಷವಾದರೂ ಎಂಟು ಹತ್ತು ಪದದ ಮೇಲೆ ಮಾತು ಬರಲಿಲ್ಲ. "ಮನೆಯಲ್ಲಿ ಎರಡು ಭಾಷೆ, ಅದಕ್ಕೇ ಗೊಂದಲ, ಕನ್ನಡ ಬಿಟ್ಟುಬಿಡಿ" ಅಂತ ತಿಳಿದವರೇ ಹೇಳಿದರು. ಬಿಡಲು ಶುರು ಮಾಡಿದ್ದೆವು ಕೂಡ. ಅತ್ತೆ ಫೋನಿನಲ್ಲಿ ಮಾತಾಡಿಸಿದರೆ ಮಗು ಅವರ ಮುಖವನ್ನೇ ನೋಡುತ್ತಾ ಕೂರುತ್ತಿತ್ತು. ಮೂರು ತುಂಬಿದ ಮಕ್ಕಳನ್ನು ಡಿಸ್ಟ್ರಿಕ್ಟ್‌ನವರೇ ಉಚಿತವಾಗಿ ಪರೀಕ್ಷೆ ಮಾಡುತ್ತಾರೆ ಅಂತ ಪಾರ್ಕಿನಲ್ಲಿ ಸಿಕ್ಕ ಒಬ್ಬ ತಾಯಿ ಹೇಳಿದರು. ಫೋನ್ ಮಾಡಿದೆ.

ಮೀಟಿಂಗ್ ನಡೆದದ್ದು ಮಕ್ಕಳ ಕೋಣೆಯಲ್ಲಿ. ಮೊಣಕಾಲುದ್ದದ ಮೇಜು, ಪುಟ್ಟ ಕುರ್ಚಿಗಳು. ಆ ಕುರ್ಚಿಗಳಲ್ಲಿ ಆರು ಜನ ದೊಡ್ಡವರು ಮುದುರಿಕೊಂಡು ಕೂತಿದ್ದರು: ಟೀಚರ್, ಸ್ಪೀಚ್ ಥೆರಪಿಸ್ಟ್, ಮನಶ್ಶಾಸ್ತ್ರಜ್ಞೆ, ಇನ್ನೊಬ್ಬರು ಡಿಸ್ಟ್ರಿಕ್ಟ್ ಕಡೆಯವರು, ನಾವಿಬ್ಬರು. ಎಲ್ಲರೂ ಒಂದು ಮಗುವಿಗೋಸ್ಕರ. ಥೆರಪಿಸ್ಟ್ ಕೇಳಿದರು: "ಬಾಯಾರಿಕೆ ಆದರೆ ಅವನು ಏನಂತಾನೆ?" ನಾನು "ನೀನೀ ಅಂತಾನೆ, ಅಂದ್ರೆ ನೀರು" ಅಂದೆ. ಅವರು ಅದನ್ನು ತಮ್ಮ ಹಾಳೆಯಲ್ಲಿ ಬರೆದುಕೊಂಡರು. ಹಸಿವಾದರೆ? "ಮಮ್ಮು." ಅದನ್ನೂ ಬರೆದರು. ಬೇಡ ಅನ್ನಲು? "ಬ್ಯಾ." ಒಂದೊಂದನ್ನೂ ನನ್ನ ಹತ್ತಿರ ಎರಡು ಸಲ ಹೇಳಿಸಿ ತಾವೂ ಹೇಳಿ ನೋಡಿದರು. ಕೊನೆಗೆ ಪೆನ್ನು ಕೆಳಗಿಟ್ಟು, "ಇವೆಲ್ಲ ಪದಗಳೇ. ಮನೆಯಲ್ಲಿ ನಿಮ್ಮ ಭಾಷೆ ನಿಲ್ಲಿಸಬೇಡಿ, ಅವನಿಗೆ ಅದೇ ಬಲ" ಅಂದರು. ನನಗೆ ಅಲ್ಲೇ ಅಳು ಬಂತು.

ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಪ್ರತಿ ಮಗುವಿಗೂ ಹೀಗೆ ಒಂದು ಬರಹದ ಯೋಜನೆ ಮಾಡಬೇಕು ಅನ್ನುವುದು ದೇಶದ ಕಾನೂನು. ಐಇಪಿ ಅಂತಾರೆ. ವರ್ಷಕ್ಕೊಮ್ಮೆಯಾದರೂ ಕೂತು ನೋಡಬೇಕು, ಪೋಷಕರೂ ಅದರಲ್ಲಿ ಸದಸ್ಯರು. ಫೀಸ್ ಇಲ್ಲ. ಜಾಸ್ತಿ ನೆರವು ಬೇಕಾದವರಿಗೆ 22ರ ವಯಸ್ಸಿನವರೆಗೂ ಶಾಲೆಯ ಬಾಗಿಲು ತೆರೆದಿರುತ್ತದೆ. ಕಾನೂನು ಎಲ್ಲ ಕಡೆ ಒಂದೇ, ಆದರೆ ಪುಟ್ಟ ಕುರ್ಚಿಯಲ್ಲಿ ಕೂತು "ನೀನೀ" ಅಂತ ಬರೆದುಕೊಳ್ಳುವ ಮನಸ್ಸು ಕಾನೂನಿನಿಂದ ಬರುವುದಿಲ್ಲ. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಮಗನಿಗೆ ಆ ನೆರವು ಬೇಕಾಗಲಿಲ್ಲ. ಈಗ ಅಜ್ಜಿಯ ಜೊತೆ ಕನ್ನಡದಲ್ಲೇ ಕ್ರಿಕೆಟ್ ಸ್ಕೋರ್ ಹೇಳುತ್ತಾನೆ. ನಮ್ಮ ಜನ ಇದನ್ನು ಮುಚ್ಚಿಡುತ್ತಾರೆ, ಅದಕ್ಕೇ ಇಷ್ಟು ಬರೆದೆ. ಮಗು ಮಾತಾಡುತ್ತಿಲ್ಲ ಅಂದರೆ "ಗಂಡು ಮಕ್ಕಳಿಗೆ ತಡ" ಅಂತ ಕೂರಬೇಡಿ. ಫೋನ್ ಮಾಡಿ.

ಬಸ್ಸು ಚೆನ್ನಾಗಿದೆ. ಚಳಿ ಮಿತಿಮೀರಿದರೆ ರಜೆ ಕೊಡುತ್ತಾರೆ, 2019ರ ಜನವರಿ ಕೊನೆಯಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಹೋದಾಗ ಹಾಗೆ ಮಾಡಿದ್ದರು. ಕೋವಿಡ್ ಕಾಲ ಎಲ್ಲರಿಗೂ ಕಷ್ಟವಾಯಿತು, ಅದನ್ನು ಇಲ್ಲಿ ಎಳೆಯುವುದಿಲ್ಲ.

ಅರ್ಧ ಅಂಕ ಕಳೆದಿದ್ದು ಎಲ್ಲಿ? ಹೈಸ್ಕೂಲ್‌ನ ಒತ್ತಡಕ್ಕೆ. ಇದರಲ್ಲಿ ಶಾಲೆಯದು ಕಡಿಮೆ, ನಮ್ಮದೇ ಜಾಸ್ತಿ. ರೂಟ್ 59ರ ಆಚೀಚೆ ಕೋಚಿಂಗ್ ಸೆಂಟರ್‌ಗಳ ಬೋರ್ಡು ನೋಡಿದರೆ ಗೊತ್ತಾಗುತ್ತದೆ. ಐದನೇ ಕ್ಲಾಸಿನ ಮಗುವಿನ ಬಗ್ಗೆ "ಯಾವ ಮ್ಯಾತ್ ಲೆವೆಲ್?" ಅನ್ನುವುದು ಸತ್ಯನಾರಾಯಣ ಪೂಜೆಯಲ್ಲೂ ಮೊದಲ ಪ್ರಶ್ನೆ. ಮುಂದೆ ಎಪಿ ಕೋರ್ಸ್‌ಗಳ ಲೆಕ್ಕ. ಅಂದರೆ ಹೈಸ್ಕೂಲ್‌ನಲ್ಲೇ ತೆಗೆದುಕೊಳ್ಳುವ ಕಾಲೇಜು ಮಟ್ಟದ ಪಾಠಗಳು. ಮಗಳು ಹನ್ನೊಂದನೇ ಕ್ಲಾಸಿನಲ್ಲಿ ರಾತ್ರಿ ಒಂದರವರೆಗೆ ಕೂರುತ್ತಿದ್ದಳು. ಒಂದು ದಿನ ಊಟದ ತಟ್ಟೆಯ ಮುಂದೆಯೇ ನಿದ್ದೆ ಹೋಗಿದ್ದಳು, ಕೈಯಲ್ಲಿ ಚಪಾತಿ ತುಂಡು ಹಾಗೇ ಇತ್ತು. ಮಾರನೇ ದಿನ ಸ್ಕೂಲ್ ಕೌನ್ಸೆಲರ್ ಹತ್ತಿರ ಹೋದೆವು. "ಒಂದು ಎಪಿ ಬಿಡಲಿ, ಏನೂ ಆಗುವುದಿಲ್ಲ" ಅಂತ ಮೊದಲು ಹೇಳಿದವರು ಅವರೇ. ಬಿಟ್ಟಳು. ಏನೂ ಆಗಲಿಲ್ಲ. ಅದೇ ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಮತ್ತೆ ಹೋದಳು. ಹನ್ನೆರಡನೇ ಕ್ಲಾಸಿನಲ್ಲಿ ಕನ್ನಡದಲ್ಲಿ ಬರೆದು, ಮಾತಾಡಿ ತೋರಿಸಿ, ದ್ವಿಭಾಷಾ ಮುದ್ರೆ ಪಡೆದಳು. ಎರಡು ಭಾಷೆ ಚೆನ್ನಾಗಿ ಬರುವ ಮಕ್ಕಳ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ಆ ಮುದ್ರೆ ಒತ್ತುವ ಕಾನೂನನ್ನು ಇಲಿನಾಯ್ 2013ರಲ್ಲಿ ತಂದಿತ್ತು. ಇನ್ನೊಂದು ಕಾನೂನು 2021ರದು: ಎಲ್ಲ ಸರ್ಕಾರಿ ಶಾಲೆಗಳಲ್ಲಿ ಏಷ್ಯನ್ ಅಮೆರಿಕನ್ನರ ಇತಿಹಾಸ ಕಲಿಸಬೇಕು. ಹೀಗೆ ಕಡ್ಡಾಯ ಮಾಡಿದ ಮೊದಲ ರಾಜ್ಯ ಇದು. ಭಾರತೀಯರಿಗೆ ಪೌರತ್ವ ಇಲ್ಲ ಅಂತ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ, ಭಗತ್ ಸಿಂಗ್ ಥಿಂಡ್ ಅನ್ನುವ ವಲಸಿಗರ ಕೇಸಿನ ತೀರ್ಪಿನ ಬಗ್ಗೆ ನನಗೆ ಹೇಳಿದವಳು ಮಗಳೇ.

ದುಡ್ಡಿನ ಮಾತು. ಸರ್ಕಾರಿ ಶಾಲೆ ಅಂದರೂ ವರ್ಷಕ್ಕೊಮ್ಮೆ ಸ್ವಲ್ಪ ಫೀಸ್ ಇದೆ. ನಿಜವಾದ ಖರ್ಚು ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ. ಜೂನ್‌ನಲ್ಲಿ ಒಂದು ಕಂತು, ಸೆಪ್ಟೆಂಬರ್‌ನಲ್ಲಿ ಇನ್ನೊಂದು, ಅರ್ಧಕ್ಕಿಂತ ಜಾಸ್ತಿ ಶಾಲೆಗೇ ಹೋಗುತ್ತದೆ. ಮಕ್ಕಳು ಓದು ಮುಗಿಸಿದ ಮುದುಕರೂ ಕಟ್ಟುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಕಟ್ಟಡಗಳ ರಿಪೇರಿ, ಭದ್ರತೆಗಾಗಿ 42 ಕೋಟಿ ಡಾಲರ್ ಸಾಲಪತ್ರ ಎತ್ತಲು 2024ರ ನವೆಂಬರ್‌ನಲ್ಲಿ ಡಿಸ್ಟ್ರಿಕ್ಟ್ ಜನರ ಒಪ್ಪಿಗೆ ಕೇಳಿತು. ಅಜ್ಜ ಕೋಲು ಊರಿಕೊಂಡು ಹೋಗಿ ಹೂಂ ಅಂತ ವೋಟು ಹಾಕಿ ಬಂದರು. ಯಾಕೆ ಅಂತ ಕೇಳಿದೆ. "ನನ್ನ ಮಕ್ಕಳು ಓದುವಾಗ ಇನ್ಯಾರೋ ಮುದುಕ ಕಟ್ಟಿದ್ದನಲ್ಲ" ಅಂದರು. ಪಾಸಾಯಿತು.

ನಾವು ಆ ವೋಟು ಹಾಕುವ ಹಾಗಿರಲಿಲ್ಲ. ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇವೆ, ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲೇ ನಿಂತಿದ್ದೇವೆ, ಪೌರತ್ವ ದೂರದ ಮಾತು. ಬೋರ್ಡ್‌ನಲ್ಲಿ ಏಳು ಜನ. ಸಂಬಳ ಇಲ್ಲ. ಬೆಸ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಚುನಾವಣೆ. ನಮ್ಮಂಥವರು ಎಷ್ಟೋ ಮಂದಿ ಮನೆ ಕೊಂಡರೆ ಶಾಲೆ ತಾನಾಗೇ ನಡೆಯುತ್ತದೆ ಅಂದುಕೊಂಡಿದ್ದೇವೆ. ಬೋರ್ಡ್ ಮೀಟಿಂಗ್‌ಗೆ ಹೋಗಿ ಕೂರಲು ಪೌರತ್ವ ಬೇಕಿಲ್ಲ. ಹೆಸರು ಬರೆಸಿ ಎದ್ದು ನಿಂತು ಮಾತಾಡಲೂ ಬೇಕಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಲು, ಪಿಟಿಎ, ಅಂದರೆ ಪೋಷಕರ-ಶಿಕ್ಷಕರ ಸಂಘ, ಸೇರಲು ಬೇಕಿಲ್ಲ. ಶಾಲೆಯಲ್ಲಿ ನಾನಾ ದೇಶದ ಮನೆಗಳವರು ಸೇರುವ ಇಂಟರ್‌ನ್ಯಾಷನಲ್ ನೈಟ್‌ಗೆ ನಾನು ಒಗ್ಗರಣೆ ಮಂಡಕ್ಕಿ ಮಾಡಿಕೊಂಡು ಹೋಗುತ್ತಿದ್ದೆ. ಮೊದಲ ವರ್ಷ ಶೇಂಗಾ ಹಾಕಿದ್ದೆ, ಅಲರ್ಜಿ ಮಕ್ಕಳಿದ್ದಾರೆ ಅಂತ ಹೇಳಿದರು, ಮುಂದಿನ ವರ್ಷದಿಂದ ಹುರಿಗಡಲೆ ಮಾತ್ರ. ಅಲ್ಲಿ ಪರಿಚಯವಾದ ತಾಯಂದಿರ ಜೊತೆಯೇ ಮೊದಲ ಸಲ ಬೋರ್ಡ್ ಮೀಟಿಂಗ್‌ಗೆ ಹೋದೆ. ಮೂರು ನಿಮಿಷ ಮಾತಾಡಿದೆ, ಸ್ಪೀಚ್ ಥೆರಪಿಸ್ಟ್‌ಗಳ ಸಂಖ್ಯೆ ಕಡಿಮೆ ಮಾಡಬೇಡಿ ಅಂತ. ಕೈ ನಡುಗುತ್ತಿತ್ತು. ಏಳು ಜನರೂ ತಲೆ ಎತ್ತಿ ಕೇಳಿಸಿಕೊಂಡರು.

ಮಗನಿಗೆ 2031ರ ಮಾರ್ಚ್‌ನಲ್ಲಿ ಹದಿನೆಂಟು ತುಂಬುತ್ತದೆ. ಮುಂದಿನ ತಿಂಗಳೇ ಬೋರ್ಡ್ ಚುನಾವಣೆ. ಇಲ್ಲೇ ಹುಟ್ಟಿದ್ದರಿಂದ ಅವನಿಗೆ ಪೌರತ್ವ ಇದೆ, ನಮ್ಮ ಮನೆಯ ಮೊದಲ ವೋಟು ಅವನದೇ ಆಗಬಹುದು. ಈಗಲೇ ಮೀಟಿಂಗ್‌ಗೆ ಕರೆದುಕೊಂಡು ಹೋಗುತ್ತೇನೆ. ಹಿಂದಿನ ಸಾಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತಾನೆ, ನಡುವೆ ತಲೆ ಎತ್ತಿ "ಅಮ್ಮಾ, ಅವರು ಯಾಕೆ ಬೇಡ ಅಂದರು?" ಅಂತ ಕೇಳುತ್ತಾನೆ.