ಒಂದೇ ಪೀಸ್ ಹಾಕಿ ಜೆರ್ಸಿ ಬೇಕಿದ್ದರೆ: ಬಳ್ಳಾರಿ ಕೌಲ್ ಬಜಾರ್ ಕಡೆಯ ಪ್ರಿಂಟಿಂಗ್ ಅಂಗಡಿ

ಬಳ್ಳಾರಿಯಲ್ಲಿ ಜೆರ್ಸಿ ಪ್ರಿಂಟ್ ಹಾಕಿಕೊಡುವ ಅಂಗಡಿಗಳಿಗೆ ಕೊರತೆ ಇಲ್ಲ. ಟೆನಿಸ್ ಬಾಲ್ ಟೂರ್ನಿ, ಕಬಡ್ಡಿ, ಗಣೇಶೋತ್ಸವ ಅಂತ ವರ್ಷವಿಡೀ ಕೆಲಸ ಇದ್ದೇ ಇರುತ್ತದೆ. ಆದರೆ ಭಾರತ ಹಾಕಿ ತಂಡದ ಬಣ್ಣದಲ್ಲಿ ಒಂದೇ ಒಂದು ಜೆರ್ಸಿ ಬೇಕು ಅಂದರೆ ಉತ್ತರ ಬದಲಾಗುತ್ತದೆ. ಕೆಲವರು ಹತ್ತು ಪೀಸಿಗಿಂತ ಕಡಿಮೆ ಆರ್ಡರ್ ತಗೊಳ್ಳುವುದಿಲ್ಲ, ಕೆಲವರು ಸಿಂಗಲ್ ಪೀಸಿಗೆ ದುಪ್ಪಟ್ಟು ಕೇಳುತ್ತಾರೆ, ಉಳಿದವರು ಕ್ರಿಕೆಟ್ ಜೆರ್ಸಿ ತೆಗೆದು ‘ಇದೂ ನೀಲೀನೇ ಅಲ್ರೀ’ ಅಂತ ಮುಂದಿಡುತ್ತಾರೆ. ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಘಟಕಗಳ ನಡುವೆ ಇರುವ ಈ ಸಣ್ಣ ಅಂಗಡಿ ಮಾತ್ರ ಒಂದು ಪೀಸಿಗೂ ಒಪ್ಪುತ್ತದೆ. ತಂಡ ಗೆದ್ದ ತಿಂಗಳಲ್ಲೂ ಸೋತ ತಿಂಗಳಲ್ಲೂ ದರ ಒಂದೇ.

ಈ ದರದ ಮಾತು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಹಾಕಿ ಅಭಿಮಾನ ಪದಕದ ಹಿಂದೆ ಬಂದು ಪದಕದ ಸುದ್ದಿ ಹಳತಾದ ಕೂಡಲೇ ಹೊರಟುಹೋಗುತ್ತದೆ. 2021ರ ಆಗಸ್ಟ್ 5ರಂದು ಪುರುಷರ ತಂಡ ಜರ್ಮನಿಯನ್ನು 5–4ರಿಂದ ಸೋಲಿಸಿ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ತಂದಿತು. ಮರುದಿನ ಮಹಿಳೆಯರು ಕಂಚಿನ ಪಂದ್ಯದಲ್ಲಿ ಬ್ರಿಟನ್‌ಗೆ 3–4ರಿಂದ ಸೋತು ನಾಲ್ಕನೇ ಸ್ಥಾನ ಪಡೆದರು. ಆ ವಾರ ಎಲ್ಲರ ಬಾಯಲ್ಲೂ ಹಾಕಿ. ಅದೇ ಮಹಿಳಾ ತಂಡ 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್‌ಗೆ 0–1ರಿಂದ ಸೋತು ಪ್ಯಾರಿಸ್ ಒಲಿಂಪಿಕ್ಸ್ ಕಳೆದುಕೊಂಡಾಗ, 2025ರ ಜೂನ್‌ನಲ್ಲಿ ದೇಶದೇಶಗಳ ತಂಡಗಳು ಆಡುವ ಪ್ರೊ ಲೀಗ್‌ನ ಕೊನೇ ಸ್ಥಾನಕ್ಕೆ ಇಳಿದು ಲೀಗಿನಿಂದಲೇ ಹೊರಬಿದ್ದಾಗ, ಮಾತಾಡಿದವರು ಬೆರಳೆಣಿಕೆಯಷ್ಟು. ಪುರುಷರ ತಂಡವೂ ಇಂಥ ದಿನ ಕಂಡಿದೆ: 2008ರ ಬೀಜಿಂಗ್‌ಗೆ ಅರ್ಹತೆಯೇ ಸಿಗಲಿಲ್ಲ, 2012ರ ಲಂಡನ್‌ನಲ್ಲಿ 12 ತಂಡಗಳಲ್ಲಿ 12ನೇ ಸ್ಥಾನ. ಗೆದ್ದಾಗ ಬರುವವರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಸೋತ ವರ್ಷ ಜೆರ್ಸಿ ಕೇಳಿಕೊಂಡು ಬಂದವರಿಗೆ ದೊಡ್ಡ ಆರ್ಡರಿನವರಿಗೆ ಸಿಗುವಷ್ಟೇ ಮರ್ಯಾದೆ ಸಿಗಬೇಕು. ಇಲ್ಲಿ ಸಿಗುತ್ತದೆ.

ಅಂಥವರು ಜೆರ್ಸಿಯನ್ನು ಒಂದು ಟೂರ್ನಿಗೆ ಹಾಕಿ ಎಸೆಯುವುದಿಲ್ಲ, ವರ್ಷಗಟ್ಟಲೆ ತೊಡುತ್ತಾರೆ. ಹಾಗಾಗಿ ಯಾವ ಪ್ರಿಂಟ್ ಅನ್ನುವುದು ಮೊದಲ ಪ್ರಶ್ನೆ. ಅಂಗಡಿಯಲ್ಲಿ ಮೂರು ಬಗೆ ಇವೆ. ವಿನೈಲ್ ಅಂದರೆ ಕತ್ತರಿಸಿದ ಹಾಳೆಯನ್ನು ಶಾಖ ಕೊಟ್ಟು ಅಂಟಿಸುವುದು. ಅರ್ಧ ಗಂಟೆಯಲ್ಲಿ ಕೈಗೆ ಸಿಗುತ್ತದೆ, ಆದರೆ ಒಗೆಯುತ್ತ ಹೋದಂತೆ ಸಂಖ್ಯೆಯ ಮೂಲೆಗಳು ಏಳುತ್ತವೆ. ಡಿಟಿಎಫ್ ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಶಾಖದಿಂದ ಬಟ್ಟೆಗೆ ಒತ್ತುವುದು. ಬಣ್ಣ ಚೆನ್ನ, ಆದರೆ ಎದೆ ಮೇಲೆ ರಬ್ಬರಿನಂಥ ಪದರ ಕೂತು ಗಾಳಿ ಆಡುವುದಿಲ್ಲ. ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟಿದ ಮೇಲೆ ಅದರ ಕೆಳಗೆ ಬೆವರು ನಿಂತೇ ಇರುತ್ತದೆ. ಜೊತೆಗೆ, ನೀಲಿ ಪಾಲಿಯೆಸ್ಟರ್ ಮೇಲೆ ಬಿಳಿ ಅಕ್ಷರ ಒತ್ತಿದಾಗ ಶಾಖಕ್ಕೆ ಬಟ್ಟೆಯ ಬಣ್ಣ ಮೇಲಕ್ಕೆ ಬಂದು ಬಿಳಿಯೆಲ್ಲ ನಸುನೀಲಿಯಾಗುವುದುಂಟು. ಸಬ್ಲಿಮೇಷನ್‌ನಲ್ಲಿ ಈ ತಾಪತ್ರಯವಿಲ್ಲ. ಬಣ್ಣ ಆವಿಯಾಗಿ ಎಳೆಯೊಳಗೇ ಇಳಿಯುತ್ತದೆ, ಕೈಯಾಡಿಸಿದರೂ ಪ್ರಿಂಟ್ ತಾಗುವುದಿಲ್ಲ, ಸುಲಿದು ಬರಲು ಪದರವೇ ಇರುವುದಿಲ್ಲ. ಹಾಕಿ ಜೆರ್ಸಿಗೆ ಇದನ್ನೇ ಕೇಳಿ.

ಸಬ್ಲಿಮೇಷನ್‌ಗೆ ಬಿಳಿ ಪಾಲಿಯೆಸ್ಟರ್ ಬಟ್ಟೆ ಬೇಕು. ಹತ್ತಿಗೆ ಆ ಬಣ್ಣ ಹಿಡಿಯುವುದಿಲ್ಲ. ವಿನ್ಯಾಸವನ್ನು ಕಾಗದದ ಮೇಲೆ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಪ್ರಿಂಟ್ ತೆಗೆದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 45ರಿಂದ 60 ಸೆಕೆಂಡ್ ಒತ್ತುತ್ತಾರೆ. ಶಾಖ ಸಾಲದಿದ್ದರೆ ನೀಲಿ ಪೇಲವ, ಹೆಚ್ಚಾದರೆ ಬಿಳಿ ಭಾಗ ಹಳದಿಗೆ ತಿರುಗಿ ಅಕ್ಷರದ ಅಂಚು ಹರಡುತ್ತದೆ. ಪ್ರೆಸ್ ಎತ್ತುವಾಗ ಕಾಗದ ಚೂರು ಸರಿದರೂ ಸಂಖ್ಯೆಯ ಪಕ್ಕ ನೆರಳು ಬೀಳುತ್ತದೆ. ಇಲ್ಲಿ ಕಾಗದದ ನಾಲ್ಕೂ ಕಡೆ ಶಾಖ ತಡೆಯುವ ಟೇಪ್ ಹಚ್ಚುತ್ತಾರೆ, ನೆರಳು ಬಿದ್ದ ತುಂಡನ್ನು ಬದಿಗಿಟ್ಟು ಬೇರೆ ಒತ್ತುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಬಟ್ಟೆ ಕತ್ತರಿಸಿ, ತುಂಡುಗಳಿಗೆ ಪ್ರಿಂಟ್ ಒತ್ತಿ, ಆಮೇಲೆ ಹೊಲಿಯುತ್ತಾರೆ. ಹೊಲಿದಿಟ್ಟ ಬಿಳಿ ಟೀ-ಶರ್ಟಿನ ಮೇಲೆ ಒತ್ತುವ ಕಡೆ ಕಂಕುಳಲ್ಲಿ, ಹೊಲಿಗೆಯ ಮಡಿಕೆಯಲ್ಲಿ ಬಿಳಿ ಗೆರೆ ಉಳಿದುಬಿಡುತ್ತದೆ. ಎಲ್ಲೇ ಮಾಡಿಸಿದರೂ ಜೆರ್ಸಿ ಕೈಗೆ ಬಂದ ಕೂಡಲೇ ತೋಳೆತ್ತಿ ಆ ಜಾಗ ನೋಡಿ.

ಜೀನ್ಸ್ ಊರಿನಲ್ಲಿ ಹೊಲಿಗೆಗೇನು ಚಿಂತೆ ಅನ್ನಿಸಬಹುದು. ಚಿಂತೆ ಇದೆ. ಡೆನಿಮ್ ಹೊಲಿಯುವುದು 16, 18ನೇ ನಂಬರಿನ ದಪ್ಪ ಸೂಜಿಯಲ್ಲಿ. ಅದೇ ಸೂಜಿ ಜೆರ್ಸಿಯ ನಿಟ್ ಬಟ್ಟೆಗೆ, ಅಂದರೆ ಹೆಣೆದ ಹಿಗ್ಗುವ ಬಟ್ಟೆಗೆ, ಚುಚ್ಚಿದರೆ ಎಳೆ ತುಂಡಾಗಿ ಹೊಲಿಗೆಯುದ್ದಕ್ಕೂ ಸಣ್ಣ ತೂತು ಬೀಳುತ್ತದೆ, ನಾಲ್ಕು ಸಲ ಒಗೆದರೆ ಆ ತೂತು ದೊಡ್ಡದಾಗುತ್ತ ಹೋಗುತ್ತದೆ. ನಿಟ್‌ಗೆ 11ನೇ ನಂಬರಿನ, ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ, ಪಕ್ಕೆಗೆ ಓವರ್‌ಲಾಕ್, ಕೆಳ ಅಂಚಿಗೆ ಫ್ಲಾಟ್‌ಲಾಕ್ ಅನ್ನುವ ಹಿಗ್ಗುವ ಹೊಲಿಗೆಗಳು ಬೇಕು. ಮಾಮೂಲಿ ನೇರ ಹೊಲಿಗೆ ಹಿಗ್ಗುವುದಿಲ್ಲ. ತಲೆ ತೂರಿಸುವಾಗ ಕುತ್ತಿಗೆ ಹತ್ತಿರ ಪಟ್ ಅಂತ ದಾರ ಹರಿಯುತ್ತದೆ. ಈ ಅಂಗಡಿಯವರು ನಿಟ್‌ಗೇ ಅಂತ ಬೇರೆ ಮಷೀನ್ ಇಟ್ಟಿದ್ದಾರೆ. ಒಳಮೈ ತಿರುಗಿಸಿದರೆ ಭುಜದ ಹೊಲಿಗೆ ಮೇಲೆ ಪಟ್ಟಿ ಕೊಟ್ಟಿರುವುದು ಕಾಣುತ್ತದೆ. ಭುಜ ಜೋತುಬೀಳದೆ ಉಳಿಯುವುದು ಆ ಪಟ್ಟಿಯಿಂದ. ಬಟ್ಟೆಯಲ್ಲಿ 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಡಾಟ್ ನಿಟ್ ಆರಿಸಿ. 140 ಬೆವರಿದರೆ ಮೈಗೆ ಅಂಟುತ್ತದೆ, 180 ನಮ್ಮ ಬಿಸಿಲಿಗೆ ಭಾರ.

ಇನ್ನು ಬೆನ್ನ ಮೇಲೆ ಏನು ಬರೆಸಬೇಕು? ಆಟಗಾರರು ಬದಲಾಗುತ್ತಾರೆ, ಈ ವರ್ಷದ ಹೆಸರು ಇನ್ನೆರಡು ವರ್ಷಕ್ಕೆ ತಂಡದಲ್ಲಿ ಇರಲಿಕ್ಕಿಲ್ಲ. ಹಳತಾಗದ ಸಂಖ್ಯೆ ಎರಡಿವೆ. ಪ್ಯಾರಿಸ್ ಕಂಚಿನ ಬಳಿಕ 2024ರಲ್ಲಿ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ನಿವೃತ್ತರಾದಾಗ 16ನ್ನೂ, ಅದೇ ವರ್ಷ ಮಹಿಳಾ ತಂಡದ ಮಾಜಿ ನಾಯಕಿ ರಾಣಿ ರಾಂಪಾಲ್ ನಿವೃತ್ತರಾದಾಗ 28ನ್ನೂ ಹಾಕಿ ಇಂಡಿಯಾ ಸಂಸ್ಥೆ ಅವರ ಗೌರವಕ್ಕೆ ಮೀಸಲಿಟ್ಟಿತು. 16 ಬೇಕಾದವರು ನೀಲಿಯಲ್ಲಿ ಹಾಕಿಸಬೇಡಿ. ಗೋಲ್‌ಕೀಪರ್ ತನ್ನ ತಂಡದವರಿಗಿಂತ ಬೇರೆ ಬಣ್ಣ ತೊಡಬೇಕು ಅನ್ನುವುದು ಆಟದ ನಿಯಮ. ಕಂಪ್ಯೂಟರ್ ಮುಂದೆ ಕೂರುವ ಹುಡುಗ ಇದನ್ನು ತಾನಾಗಿಯೇ ಹೇಳುತ್ತಾನೆ, ನಮಗೆ ಇದು ಬಹಳ ಹಿಡಿಸಿತು. ಪ್ರಾಯೋಜಕರ ಲೋಗೊ, ಸಂಸ್ಥೆಯ ಲಾಂಛನ ಹಾಕಿಕೊಡಲು ಒಪ್ಪುವುದಿಲ್ಲ, ಅದೂ ಸರಿಯೇ. ಎದೆ ಮೇಲೆ ‘ಭಾರತ’ ಅಂತ ಕನ್ನಡದಲ್ಲಿ ಬರೆಸಿ, ಸಾಕು. ಕ್ಲಬ್ ಬಣ್ಣ ಹಾಕಿಸೋಣ ಅಂದರೆ, 2024–25ರಲ್ಲಿ ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗ್‌ನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಸೋಮಯ್ಯ, ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್ ಅವರಂಥ ಹಾಕಿ ಆಟಗಾರರನ್ನು ಕೊಟ್ಟ ರಾಜ್ಯಕ್ಕೆ ಹೀಗಾಗಬಾರದಿತ್ತು.

ಕನ್ನಡ ಅಕ್ಷರದಲ್ಲಿ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ವಿನ್ಯಾಸ ಮಾಡುವ ಹಳೇ ಕೋರೆಲ್‌ಡ್ರಾ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರ ಒಡೆದುಹೋಗುತ್ತದೆ. ‘ಭಾರತ’ದಲ್ಲಿ ಒತ್ತಕ್ಷರ ಇಲ್ಲ, ‘ಬಳ್ಳಾರಿ’, ‘ಕೊಪ್ಪಳ’ ಬರೆಸುವಾಗ ತೊಂದರೆ. ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡಿ, ಅಕ್ಷರವನ್ನು ಕರ್ವ್‌ಗೆ, ಅಂದರೆ ಚಿತ್ರದ ಗೆರೆಗಳಿಗೆ, ಬದಲಿಸಿ ಪ್ರಿಂಟಿಗೆ ಕೊಡಬೇಕು. ವಾಟ್ಸಾಪ್‌ನಲ್ಲಿ ಬರುವ ಪ್ರೂಫ್ ಹಿಗ್ಗಿಸಿ, ಒತ್ತು ತನ್ನ ಅಕ್ಷರದ ಕೆಳಗೇ ಇದೆಯೇ ನೋಡಿ ಒಪ್ಪಿಗೆ ಕೊಡಿ. ಒಪ್ಪಿದ ಮೇಲೆ ತಪ್ಪು ಸಿಕ್ಕರೆ ಖರ್ಚು ನಿಮ್ಮದು.

ಕೊರತೆಗಳಲ್ಲಿ ದೊಡ್ಡದು ಹೆಂಗಸರ ಅಳತೆ. ಮಹಿಳಾ ತಂಡದ ಅಭಿಮಾನಿ ಹುಡುಗಿಯರು ಬಂದರೆ ಸಿಗುವುದು ಗಂಡಸರ ಕಟಿಂಗ್ ಅಷ್ಟೇ: ಎದೆ 36 ಅಂದರೆ ಭುಜ ಇಳಿಬಿದ್ದು ತೋಳು ಮೊಣಕೈ ತಲುಪುತ್ತದೆ, ಕೆಳಗೆ ಸೊಂಟದ ಹತ್ತಿರ ಬಿಗಿ. ಸದ್ಯಕ್ಕೆ ಇರುವ ದಾರಿ ಅಂದರೆ ಚೆನ್ನಾಗಿ ಕೂರುವ ಒಂದು ಟೀ-ಶರ್ಟ್ ಒಯ್ದು ಅದರ ಭುಜ, ತೋಳು, ಉದ್ದದ ಅಳತೆ ಕೊಡುವುದು. ಕೇಳಿದರೆ ಕತ್ತರಿಸಿಕೊಡುತ್ತಾರೆ, ಆದರೆ ಕೇಳಿಯೇ ಪಡೆಯಬೇಕಾದ ಸ್ಥಿತಿ ಇರಬಾರದು. ಕಾಲರ್ ಇರುವ ಮಾದರಿಯೂ ಬೇಡ, ಒಳಗಿನ ಕ್ಯಾನ್ವಾಸ್ ಒಗೆದ ಮೇಲೆ ಮುದುರುತ್ತದೆ. ದುಂಡು ಕುತ್ತಿಗೆ ಹೇಳಿ.

ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಅದ್ದಿ, ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ, ನೆರಳಲ್ಲಿ ಒಣಗಿಸಿ. ಇಲ್ಲಿನ ನೇರ ಬಿಸಿಲು ನೀಲಿಯನ್ನು ಬೇಗ ತಿನ್ನುತ್ತದೆ.

ಒಂದು ಪೀಸಿಗೆ 550 ರೂಪಾಯಿ, ಉದ್ದ ತೋಳಿಗೆ 50 ಹೆಚ್ಚು, ಹತ್ತಕ್ಕೆ ಮೇಲಾದರೆ ತಲಾ 380. ಅರ್ಧ ಹಣ ಮುಂಗಡ. ಸಿಂಗಲ್ ಪೀಸನ್ನು ಬೇರೆ ಆರ್ಡರಿನ ಪ್ರಿಂಟ್ ರೋಲಿಗೆ ಸೇರಿಸಿ ತೆಗೆಯುವುದರಿಂದ ಒಂದು ವಾರ ಹಿಡಿಯುತ್ತದೆ. ಅವರು ನಾಲ್ಕು ದಿನ ಅಂದರೂ ಏಳು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಗಣರಾಜ್ಯೋತ್ಸವದ ಮುಂಚಿನ ಎರಡು ವಾರ, ಆಗಸ್ಟ್ 29ರ ಕ್ರೀಡಾ ದಿನದ ಹಿಂದುಮುಂದು ಶಾಲೆಗಳ ಆರ್ಡರ್ ತುಂಬಿ ಇನ್ನೂ ತಡ. ಪುರುಷರ ತಂಡ ರಾಜಗೀರ್‌ನಲ್ಲಿ ಏಷ್ಯಾ ಕಪ್ ಗೆದ್ದು ಅರ್ಹತೆ ಪಡೆದ ವಿಶ್ವಕಪ್ ನೆದರ್ಲೆಂಡ್ಸ್, ಬೆಲ್ಜಿಯಂನಲ್ಲಿ 2026ರ ಆಗಸ್ಟ್ 15ರಿಂದ 30ರವರೆಗೆ, ಅಂದರೆ ಸರಿಯಾಗಿ ಆ ಗದ್ದಲದ ನಡುವೆ. ಅದಕ್ಕೆ ಜೆರ್ಸಿ ಬೇಕಿದ್ದವರು ಜುಲೈ ಮುಗಿಯುವುದರೊಳಗೆ ಅಳತೆ ಕೊಟ್ಟು ಬನ್ನಿ.