ಬೋನ್ಸಾಯ್‌ಗೆ ಚಳಿ ಹೊದಿಕೆ: ಬಳ್ಳಾರಿ ಸೀಮೆಯ ಥಂಡಿಗೆ ಯಾವುದು ಕೊಳ್ಳಬೇಕು, ಯಾವುದು ಬೇಡ

ಆನ್‌ಲೈನಿನಲ್ಲಿ ‘ಪ್ಲಾಂಟ್ ಫ್ರಾಸ್ಟ್ ಕವರ್’ ಎಂಬ ಹೆಸರಿನಲ್ಲಿ ಬರುವ ಬಿಳಿ ಚೀಲವೂ ಗೊಬ್ಬರದ ಅಂಗಡಿಯಲ್ಲಿ ‘ಕ್ರಾಪ್ ಕವರ್’ ಎಂದು ಕೊಡುವ ರೋಲ್ ಬಟ್ಟೆಯೂ ಒಂದೇ ಸರಕು. ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಾಯಿಸಿ ಒತ್ತಿ ಮಾಡಿದ, ನೇಯದ ಹಾಳೆ ಅದು. ಗಾಳಿ ಆಡುತ್ತದೆ, ನೀರು ಇಳಿಯುತ್ತದೆ, ಬೆಳಕೂ ಬಹುಪಾಲು ಒಳಗೆ ಹೋಗುತ್ತದೆ. ಕುಷ್ಟಗಿ ಕಡೆಯ ದಾಳಿಂಬೆ ತೋಟಗಳಲ್ಲಿ, ಕಲ್ಲಂಗಡಿ, ಕರಬೂಜದ ಹೊಲಗಳಲ್ಲಿ ಹೊದಿಸುವುದು ಇದನ್ನೇ. ಮಾಳಿಗೆಯ ಮೇಲಿನ ಬೋನ್ಸಾಯ್‌ಗೂ ಇದು ಒಳ್ಳೆಯ ವಸ್ತು. ಆದರೆ ಚೀಲಕ್ಕಿಂತ ರೋಲ್ ಬಟ್ಟೆ ಮೇಲು, ದಪ್ಪದ್ದಕ್ಕಿಂತ ತೆಳುವಾದದ್ದು ಮೇಲು.

ಯಾಕೆ ತೆಳುವಾದದ್ದು? ಚೀಲದ ಮೇಲೆ ಅಚ್ಚಾದ ಹಿಮದ ಚಿತ್ರ ನಮ್ಮ ಊರಿನದಲ್ಲ. ಜಪಾನ್, ಯುರೋಪಿನ ಚಳಿಯಲ್ಲಿ ಕುಂಡದ ಮಣ್ಣೇ ಹೆಪ್ಪುಗಟ್ಟುತ್ತದೆ. ಬೇರಿಗೆ ನೀರು ಸಿಗದೆ, ಮೇಲೆ ಗಾಳಿ ಹೀರುತ್ತಲೇ ಇದ್ದು ಮರ ಒಣಗುತ್ತದೆ. ಅಲ್ಲಿ ಕುಂಡಗಳನ್ನು ಅಂಚಿನವರೆಗೆ ನೆಲದಲ್ಲಿ ಹೂಳುತ್ತಾರೆ, ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15-17 ಡಿಗ್ರಿಯ ಆಸುಪಾಸು. ಥಂಡಿ ಗಾಳಿ ಎದ್ದ ಕೆಲವು ರಾತ್ರಿಗಳಲ್ಲಿ 10-12ಕ್ಕೆ ಇಳಿಯುತ್ತದೆ. ಮರುದಿನ ಮಧ್ಯಾಹ್ನ ಮತ್ತೆ 30ರ ಹತ್ತಿರ. ಇಲ್ಲಿ ಮರವನ್ನು ಕಾಡುವುದು ಈಶಾನ್ಯದಿಂದ ಬೀಸುವ ಒಣಗಾಳಿ, ನಿರಭ್ರ ಆಕಾಶಕ್ಕೆ ಎಲೆ ತನ್ನ ಕಾವನ್ನು ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದು, ಮತ್ತು ರಾತ್ರಿಯೆಲ್ಲ ಒದ್ದೆಯಾಗಿ ತಣ್ಣಗಿರುವ ಮಣ್ಣು. ಮೊದಲ ಎರಡಕ್ಕೆ ತೆಳು ಹೊದಿಕೆ ಸಾಕು. ಮೂರನೆಯದಕ್ಕೆ ಯಾವ ಹೊದಿಕೆಯೂ ಮದ್ದಲ್ಲ, ನೀರಿನ ಹೊತ್ತನ್ನು ಬದಲಿಸಬೇಕು.

ಬಟ್ಟೆಯ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. 17 ಜಿಎಸ್‌ಎಂ ಬಟ್ಟೆ ಒಳಗಿನ ತಾಪಮಾನವನ್ನು ಒಂದೆರಡು ಡಿಗ್ರಿ ಎತ್ತಿ ಹಿಡಿಯುತ್ತದೆ. 30ರದ್ದು ಇನ್ನೂ ಸ್ವಲ್ಪ ಹೆಚ್ಚು ಕೊಡುತ್ತದೆ, ಬೆಳಕನ್ನೂ ಹೆಚ್ಚು ಕಿತ್ತುಕೊಳ್ಳುತ್ತದೆ. 50ರ ಮೇಲಿನದ್ದು ಹಿಮ ಬೀಳುವ ದೇಶಕ್ಕೆ. ಬಯಲು ಮಾಳಿಗೆಯಲ್ಲಿ, ಗಾಳಿಗೆ ಎದುರಾಗಿ ಇರುವ ಗಿಡಗಳಿಗೆ 25 ಜಿಎಸ್‌ಎಂವರೆಗೆ ಹೋಗಬಹುದು. ಕಾಂಪೌಂಡಿನ ಒಳಗೆ ನೆಲದ ಮೇಲಿದ್ದರೆ 17 ಬೇಕಾದಷ್ಟಾಯಿತು. ಲೇಬಲ್ ನಂಬಬೇಡಿ, ತೂಗಿ ನೋಡಿ. 1.6 ಮೀಟರ್ ಅಗಲದ ಬಟ್ಟೆ ಎರಡೂವರೆ ಮೀಟರ್ ತಂದರೆ ಸರಿಯಾಗಿ 4 ಚದರ ಮೀಟರ್. 17 ಜಿಎಸ್‌ಎಂ ಆದರೆ ಅಡುಗೆಮನೆಯ ತಕ್ಕಡಿಯಲ್ಲಿ 68 ಗ್ರಾಂ ತೋರಿಸಬೇಕು, 30 ಆದರೆ 120. ಬಣ್ಣ ಬಿಳಿಯದೇ ಇರಲಿ. ಹಸಿರು, ಕಂದು ಚೀಲ ನೋಡಲು ಚೆಂದ, ಎಲೆಗೆ ಕತ್ತಲೆ. ‘ಯುವಿ ಸ್ಟೆಬಿಲೈಸ್ಡ್’, ಅಂದರೆ ಬಿಸಿಲಿನ ನೇರಳಾತೀತ ಕಿರಣ ತಾಳುವಂತೆ ಸಂಸ್ಕರಿಸಿದ್ದು, ಎಂದು ಕೇಳಿಯೇ ಕೊಳ್ಳಿ. ಆ ಸಂಸ್ಕರಣೆ ಇಲ್ಲದ ಪಾಲಿಪ್ರೊಪಿಲಿನ್ ನಮ್ಮ ಬಿಸಿಲಿಗೆ ಬೇಗ ಕೊಳೆತಂತಾಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ.

ಸಿದ್ಧ ಚೀಲದ ದೊಡ್ಡ ತೊಂದರೆ ಅದರ ದಾರ. ದಾರ ಇದೆ ಎಂದ ಮೇಲೆ ಎಲ್ಲರೂ ಅದನ್ನು ಕಾಂಡಕ್ಕೆ ಬಿಗಿದು ಕಟ್ಟುತ್ತಾರೆ. ಹಾಗೆ ಕಟ್ಟಿದರೆ ಮೇಲಿನ ಕೊಂಬೆಗಳಷ್ಟೇ ಒಳಗೆ, ಕುಂಡ ಹೊರಗೆ. ಹೊದಿಕೆಗೆ ಕಾವು ಬರುವುದು ಹಗಲೆಲ್ಲ ಕಾದ ನೆಲದಿಂದ, ಕುಂಡದ ಮಣ್ಣಿನಿಂದ. ಅದನ್ನೇ ಹೊರಗಿಟ್ಟರೆ ಒಳಗೆ ಉಳಿಯುವುದು ತಣ್ಣನೆ ಗಾಳಿ. ಬಟ್ಟೆಯ ಅಂಚು ನೆಲ ಮುಟ್ಟಲೇಬೇಕು. ಚೀಲದ ಜಿಪ್ಪಿನದೂ ಒಂದು ಗೋಳು: ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ಹಲ್ಲುಗಳಲ್ಲಿ ಕೂತರೆ ಕೆಲವೇ ವಾರಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆದರೆ ಹೊಲಿಗೆಯ ಉದ್ದಕ್ಕೂ ಬಟ್ಟೆ ಹರಿಯುತ್ತದೆ. ಎರಡು, ಎರಡೂವರೆ ಅಡಿ ಎತ್ತರದ ಒಂಟಿ ಆಲವೋ ಬಸರಿಯೋ ಇದ್ದು, ಅದರ ಮೇಲೆ ರೋಲ್ ಬಟ್ಟೆ ಹೊದಿಸಲು ಪೈಪಿನ ಕಮಾನು ಹಾಕಲು ಜಾಗವಿಲ್ಲದಿದ್ದರೆ ಮಾತ್ರ ಚೀಲ ಕೊಳ್ಳಿ. ಜಿಪ್ ಇಲ್ಲದ್ದನ್ನು, ಕುಂಡದ ಸಮೇತ ಮರ ಪೂರ್ತಿ ಮುಳುಗುವ ಅಳತೆಯದ್ದನ್ನು ಆರಿಸಿ, ದಾರವನ್ನು ಕುಂಡದ ಅಡಿಯಲ್ಲಿ ಕಟ್ಟಿ.

ರೋಲ್ ಬಟ್ಟೆಗೆ ಕಮಾನು ನೀವೇ ಮಾಡಿಕೊಳ್ಳಬೇಕು, ಕೆಲಸ ಕಷ್ಟದ್ದಲ್ಲ. ಮೇಜಿನ ಮೇಲಿನ ಕುಂಡಗಳನ್ನು ಚಳಿ ಮುಗಿಯುವವರೆಗೆ ನೆಲಕ್ಕೆ ಇಳಿಸಿ, ನಾಲ್ಕಡಿ ಉದ್ದ, ಎರಡಡಿ ಅಗಲದ ಸಾಲಿನಲ್ಲಿ ಜೋಡಿಸಿ. ಸಾಲು ಪ್ಯಾರಪೆಟ್ ಗೋಡೆಗೆ ಒತ್ತಿಕೊಂಡಿರಲಿ, ಗೋಡೆ ಗಿಡಗಳ ಉತ್ತರಕ್ಕೋ ಪೂರ್ವಕ್ಕೋ ಬರುವಂತೆ. ಒಣಗಾಳಿಗೆ ಅದು ತಡೆ, ಹಗಲಿನ ಬಿಸಿಲನ್ನು ಹಿಡಿದಿಟ್ಟು ಮುಸ್ಸಂಜೆಯ ನಂತರ ಬಿಡುವುದೂ ಅದೇ. ಕಮಾನಿಗೆ 16 ಎಂಎಂ ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ) ಪೈಪಿನ ಮೂರು ತುಂಡು, ಒಂದೊಂದು ನಾಲ್ಕು ಮುಕ್ಕಾಲು ಅಡಿ. ಬರೀ ಪೈಪು ಬಿಸಿಲಿಗೆ ಮೆತ್ತಗಾಗಿ ಬಾಗುತ್ತದೆ, ಒಳಗೆ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ತೂರಿಸಿ. ಎರಡೂ ತುದಿ ಮೂರು, ಮೂರೂವರೆ ಇಂಚು ಒಳಗೆ ಊರುವಂತೆ ಪಕ್ಕದಲ್ಲಿ ಮರಳು ತುಂಬಿದ ಡಬ್ಬಿ ಇಟ್ಟರೆ ಒಂದೂವರೆ ಅಡಿ ಎತ್ತರದ ಕಮಾನು ನಿಲ್ಲುತ್ತದೆ. ಕುಂಡ ಸೇರಿ ಒಂದಡಿ ಎತ್ತರದ ಗಿಡಗಳಿಗೆ ಇದು ಸರಿ. ಮೇಲೆ ಹೇಳಿದ ಎರಡೂವರೆ ಮೀಟರ್ ಬಟ್ಟೆ ನಾಲ್ಕೂ ಬದಿಗೆ ಅರ್ಧ ಅಡಿ ಮಡಚಿಡಲು ಸಾಲುತ್ತದೆ. ಮಡಿಕೆಯ ಮೇಲೆ ಇಟ್ಟಿಗೆ, ಕಮಾನಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು. ಎಲೆಗೆ ಬಟ್ಟೆ ತಾಗಕೂಡದು. ತಾಗಿದ ಕಡೆ ಇಬ್ಬನಿ ನಿಂತು ಎಲೆಯ ತುದಿ ಕಪ್ಪಾಗುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ನಾಲೆ ಬಯಲಿನಲ್ಲಿ ಬೆಳಗಿನ ಇಬ್ಬನಿ ಜೋರು, ಅಲ್ಲಿ ಇದನ್ನು ಹೆಚ್ಚು ನೋಡಿಕೊಳ್ಳಬೇಕು.

ಸೂರ್ಯ ಬಿದ್ದ ಮೇಲೆ ಹೊದಿಸಿ, ಬಿಸಿಲು ಏರುವ ಮುಂಚೆ ತೆಗೆಯಿರಿ. ದಿನಾ ತೆಗೆಯಲಾಗದಿದ್ದರೆ ಪಶ್ಚಿಮದ ಬದಿಯನ್ನಾದರೂ ಎತ್ತಿಡಿ. ಎಲ್ಲ ರಾತ್ರಿಯೂ ಹೊದಿಸಬೇಕಿಲ್ಲ. ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರನ್ನು ಕುಂಡದ ಎತ್ತರದಲ್ಲಿ ಇಟ್ಟುಕೊಳ್ಳಿ, 13ಕ್ಕಿಂತ ಕೆಳಗೆ ಹೋಗುವ ಸೂಚನೆ ಇದ್ದ ರಾತ್ರಿ ಹೊದಿಸಿ. ಕಾರ್ಮೋನಾ (ಫುಕಿಯನ್ ಟೀ) ಗಿಡಕ್ಕೆ ಇನ್ನೂ ಒಂದೆರಡು ಡಿಗ್ರಿ ಮೊದಲೇ.

ಹೊದಿಕೆಗಿಂತ ಹೆಚ್ಚು ಗಿಡ ಉಳಿಸುವುದು ಕುಂಡದ ಆರೈಕೆ, ಇದನ್ನು ಯಾವ ಪ್ಯಾಕೆಟ್ಟೂ ಹೇಳುವುದಿಲ್ಲ. ಮೆರುಗಿಲ್ಲದ ಮಣ್ಣಿನ ಕುಂಡ ಒಣಗಾಳಿಯಲ್ಲಿ ನೀರಿನ ಹರವಿಯಂತೆಯೇ ತಣ್ಣಗಾಗುತ್ತದೆ: ಮೈಯಿಂದ ನೀರು ಆವಿಯಾಗುತ್ತಾ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ಬೇರು ಹೊರಗಿನ ಗಾಳಿಗಿಂತ ತಣ್ಣಗಿನ ಕೆಸರಿನಲ್ಲಿರುತ್ತದೆ. ಹಾಗಾಗಿ ನವೆಂಬರ್ ನಡುವಿನಿಂದ ನೀರು ಬೆಳಿಗ್ಗೆ ಒಂಬತ್ತರ ಮೇಲೆ, ಅದೂ ಮೇಲಿನ ಅರ್ಧ ಇಂಚು ಮಣ್ಣು ಒಣಗಿದ ಮೇಲೆ. ಪೂರ್ತಿ ಒಣಗಲೂ ಬಿಡಬಾರದು. ಸ್ವಲ್ಪ ತೇವ ಇರುವ ಮಣ್ಣು ಒಣಮಣ್ಣಿಗಿಂತ ಹೆಚ್ಚು ಕಾವು ಹಿಡಿದಿಡುತ್ತದೆ. ಮಣ್ಣಿನ ಮಿಶ್ರಣದಲ್ಲಿ ಎರೆಮಣ್ಣು ಇದ್ದರಂತೂ ಚಳಿಗಾಲ ಅಪಾಯ, ಅದು ನೀರನ್ನು ದಿನಗಟ್ಟಲೆ ಬಿಡುವುದಿಲ್ಲ.

ಕುಂಡದ ಸುತ್ತ ತುಂಬಲು ಇಲ್ಲಿ ಸಿಗುವ ಅತ್ಯುತ್ತಮ ವಸ್ತು ಭತ್ತದ ಹೊಟ್ಟು. ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ರೈಸ್ ಮಿಲ್ಲುಗಳ ಸುತ್ತ ಅದಕ್ಕೆ ಬರವಿಲ್ಲ. ಹಣ್ಣಿನ ಪ್ಲಾಸ್ಟಿಕ್ ಕ್ರೇಟಿಗೆ ಎರಡು ಇಂಚು ಹೊಟ್ಟು ಹಾಸಿ, ಕುಂಡ ಇಟ್ಟು, ಅಂಚಿನವರೆಗೆ ಸುತ್ತ ತುಂಬಿ. ಹೊಟ್ಟಿನಲ್ಲಿ ನುಚ್ಚು ಉಳಿದಿದ್ದರೆ ಇಲಿ ಬರುತ್ತದೆ, ಮೊದಲು ಮೊರದಲ್ಲಿ ಕೇರಿಕೊಳ್ಳಿ. ಕ್ರೇಟನ್ನು ಬರಿ ನೆಲದ ಮೇಲಿಟ್ಟರೆ ಗೆದ್ದಲು ಗ್ಯಾರಂಟಿ. ಕೆಳಗೆ ಕಡಪ ಕಲ್ಲೋ ಇಟ್ಟಿಗೆಯೋ ಇರಲಿ, ವಾರಕ್ಕೊಮ್ಮೆ ಎತ್ತಿ ನೋಡಿ. ಗೋಣಿ ತಾಟು ಸುತ್ತುವವರೂ ಇದ್ದಾರೆ, ಒಣಗಿದ್ದಷ್ಟು ಹೊತ್ತು ಒಳ್ಳೆಯದು. ನೆನೆದರೆ ಅದೂ ಕುಂಡವನ್ನು ತಂಪು ಮಾಡಲು ಶುರುಮಾಡುತ್ತದೆ. ಹಳೆ ಸೀರೆ, ಚಾದರದ ಕಥೆಯೂ ಅದೇ: ಇಬ್ಬನಿ ಕುಡಿದು ಭಾರವಾಗಿ, ತಂತಿ ಕಟ್ಟಿ ಬಾಗಿಸಿದ ಎಳೆ ಕೊಂಬೆಯನ್ನು ಮುರಿಯುತ್ತದೆ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಬೋನ್ಸಾಯ್ ಹತ್ತಿರಕ್ಕೇ ತರಬೇಡಿ. ಪಾಲಿಥಿನ್ ಮೂಲಕ ರಾತ್ರಿಯ ಕಾವು ಸಲೀಸಾಗಿ ಹೊರಗೆ ಹೋಗುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ರಾತ್ರಿ ಲಾಭ ಕಡಿಮೆ, ಬೆಳಿಗ್ಗೆ ಬಿಸಿಲು ಬೀಳುತ್ತಲೇ ಒಳಗೆ ಹಬೆ. ಆ ಒದ್ದೆ ಬಿಸಿಯಲ್ಲಿ ಎಳೆ ಎಲೆ ಬೇಯುತ್ತದೆ, ಬೂಷ್ಟು ಹಿಡಿಯುತ್ತದೆ.

ಗಿಡಗಳ ಲೆಕ್ಕಕ್ಕೆ ಬಂದರೆ, ಹೊದಿಕೆಯ ಲಾಭ ಹೆಚ್ಚಾಗಿ ಫೈಕಸ್ ಮೈಕ್ರೋಕಾರ್ಪಾ (ಆಲದ ಕುಲದ ಮರ), ಕಾರ್ಮೋನಾ ಮತ್ತು ದಪ್ಪ ಬುಡದ ಹೂಗಿಡ ಅಡೀನಿಯಂಗೆ. ಅಡೀನಿಯಂ ಥಂಡಿಗೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಎಲೆ ಬಿದ್ದಿತಲ್ಲ ಎಂದು ನೀರು ಹೆಚ್ಚಿಸಿದರೆ ಬುಡ ಕೊಳೆಯುತ್ತದೆ; ದಪ್ಪ ಬುಡವನ್ನು ಒತ್ತಿದರೆ ಮೆತ್ತಗಾಗಿದ್ದರೆ ಕೊಳೆತ ಭಾಗವನ್ನು ಚಾಕುವಿನಿಂದ ತೆಗೆದು ಒಣಗಿಸುವುದೊಂದೇ ದಾರಿ. ದಪ್ಪ ಎಲೆಯ ಜೇಡ್ ಗಿಡ, ಕುಂಡದ ಮಣ್ಣು ಒಣಗಿದ್ದರೆ, ಈ ಚಳಿ ತಾಳುತ್ತದೆ. ಹುಣಸೆ, ಕಾಗದದ ಹೂವು, ಬೇವು ಇವಕ್ಕೆ ಖರ್ಚು ಮಾಡಬೇಡಿ. ಅರಳಿ ಯುಗಾದಿಯ ಮುಂಚೆ ಎಲೆ ಉದುರಿಸುವುದು ಅದರ ಸ್ವಭಾವ, ಚಳಿಯ ಪೆಟ್ಟಲ್ಲ. ಬೆಂಗಳೂರಿನ ನರ್ಸರಿಯಿಂದ ತಂದ ಜುನಿಪರ್‌ಗೆ ಹೊದಿಕೆ ಕೊಟ್ಟರೆ ಅಪಕಾರವೇ. ಅದಕ್ಕೆ ಚಳಿ ಬೇಕು, ಇಲ್ಲಿನ ಥಂಡಿಯೇ ಅದಕ್ಕೆ ಕಡಿಮೆ. ಜಪಾನಿ ಮೇಪಲ್‌ಗಂತೂ ವಾರಗಟ್ಟಲೆ 7 ಡಿಗ್ರಿಗಿಂತ ಕೆಳಗಿನ ವಿಶ್ರಾಂತಿ ಬೇಕು, ಅದು ಬಳ್ಳಾರಿಯಲ್ಲಿ ಸಿಗುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಕುಂಡ ಬದಲಿಸುವುದು, ಬೇರು ಕತ್ತರಿಸುವುದು, ಎಲೆ ಪೂರ್ತಿ ಬಿಡಿಸುವುದು ಬೇಡ. ಯೂರಿಯಾದಂಥ ಸಾರಜನಕ ಗೊಬ್ಬರವೂ ಬೇಡ. ಹೊಸ ಎಳೆ ಚಿಗುರೇ ಥಂಡಿಗೆ ಮೊದಲು ಸಿಗುವುದು.

ಧೂಳು ಕೂತು ಬಟ್ಟೆ ಕೆಂಪಾದರೆ ಬೆಳಕು ಕಡಿಮೆಯಾಗುತ್ತದೆ. ಬಕೆಟ್ ನೀರಿನಲ್ಲಿ ಅದ್ದಿ ತೆಗೆಯಿರಿ, ಸೋಪು ಬೇಡ, ಹಿಂಡಲೂ ಬೇಡ, ಎಳೆ ಬಿಟ್ಟುಕೊಳ್ಳುತ್ತದೆ. ಫೆಬ್ರವರಿಯಲ್ಲಿ ಪೂರ್ತಿ ಒಣಗಿಸಿ, ಮಡಚಿ, ಬಿಸಿಲು ಬೀಳದ ತಗಡಿನ ಟ್ರಂಕಿನಲ್ಲಿಟ್ಟರೆ ಒಳ್ಳೆಯ ಬಟ್ಟೆ ಮುಂದಿನ ಚಳಿಗೂ ಬರುತ್ತದೆ.